‘ಗ್ಯಾಸ್ ಬಂದ್ ಮಾಡಿಯೇನು?’ ಎನ್ನುವ ಬೂದು ಗಿಣಿ

ವಿಜಯನಗರದ ನನ್ನ ಗೆಳೆಯನ ಮನೆಗೆ ಹೋದರೆ ಮೊದಲು ಕೇಳಿಸುವುದು ಕುಕ್ಕರ್ ಸೀಟಿ. ಮೂರನೇ ಸೀಟಿ ಆದ ತಕ್ಷಣ ವಯಸ್ಸಾದ ಹೆಂಗಸೊಬ್ಬರು ಧಾರವಾಡದ ದನಿಯಲ್ಲಿ ಕೇಳುತ್ತಾರೆ: ‘ಗ್ಯಾಸ್ ಬಂದ್ ಮಾಡಿಯೇನು?’ ಅಡುಗೆಮನೆಯಲ್ಲಿ ಇಣುಕಿದರೆ ಒಲೆಯನ್ನೇ ಹಚ್ಚಿರುವುದಿಲ್ಲ. ಸೀಟಿ ಹೊಡೆದದ್ದೂ ಗಿಣಿ, ವಿಚಾರಿಸಿದ್ದೂ ಗಿಣಿ. ಬೂದಿ ಮೆತ್ತಿದಂಥ ಮೈ, ಕುಂಕುಮ ಚೆಲ್ಲಿದಂಥ ಬಾಲ, ತೆಳು ಹಳದಿ ಕಣ್ಣು. ಹೆಸರು ಶಾಣ್ಯಾ. ಆ ದನಿ ಗೆಳೆಯನ ತಾಯಿಯದು. ಅವರು ಊರಿಗೆ ವಾಪಸ್ ಹೋಗಿ ಎರಡು ವರ್ಷ ಆಯ್ತು. ದನಿ ಮಾತ್ರ ಬೆಂಗಳೂರಲ್ಲೇ ಉಳಿದಿದೆ.

ಆಫ್ರಿಕನ್ ಗ್ರೇ ಗಿಣಿಗಳ ವಿಡಿಯೊ ನೀವೂ ನೋಡಿರುತ್ತೀರಿ. ಒಂದು ಫೋನ್ ರಿಂಗ್ ಆದಂತೆ ಕೂಗಿ, ತಾನೇ ‘ಹಲೋ’ ಅನ್ನುತ್ತದೆ. ಇನ್ನೊಂದು ನಾಯಿಯನ್ನು ಹೆಸರು ಹಿಡಿದು ಕರೆದು, ಅದು ಓಡಿ ಬಂದಾಗ ಸುಮ್ನೆ ಕೂರುತ್ತದೆ. ಇದನ್ನೆಲ್ಲ ನೋಡಿದ ಮೇಲೆ ಒಂದು ತಗೊಂಡ್ರೆ ಹೇಗೆ ಅನ್ನಿಸುವುದು ಸಹಜ. ನನಗೂ ಅನ್ನಿಸಿತ್ತು. ಓದಿದೆ, ವಿಚಾರಿಸಿದೆ, ಸಾಕಿದವರ ಮನೆಗಳಿಗೆ ಹೋಗಿ ಕೂತೆ. ಕೊನೆಗೆ ತಗೊಳ್ಳಲಿಲ್ಲ. ಅದಕ್ಕೆ ಕಾರಣ ದುಡ್ಡೂ ಅಲ್ಲ, ಜಾಗವೂ ಅಲ್ಲ. ಈ ಗಿಣಿ ಯಾಕೆ ಮಾತಾಡುತ್ತದೆ ಅನ್ನುವುದು ಸ್ವಲ್ಪ ಅರ್ಥವಾಯಿತು, ಅಷ್ಟೆ.

ನಮ್ಮಲ್ಲಿ ಈ ಹಕ್ಕಿಗೆ ಎಷ್ಟು ಬೆಲೆ ಅನ್ನುವುದನ್ನು ತುಮಕೂರಿನವರು ಚೆನ್ನಾಗಿ ಬಲ್ಲರು. 2022ರ ಜುಲೈನಲ್ಲಿ ಅಲ್ಲಿನ ಜಯನಗರದ ಮನೆಯೊಂದರಿಂದ ‘ರುಸ್ತುಮಾ’ ಎಂಬ ಆಫ್ರಿಕನ್ ಗ್ರೇ ಹಾರಿಹೋಯಿತು. ಹುಡುಕಿಕೊಟ್ಟವರಿಗೆ 50 ಸಾವಿರ ರೂಪಾಯಿ ಎಂದು ಮನೆಯವರು ಪೋಸ್ಟರ್ ಹಾಕಿಸಿದರು. ಗಿಣಿ ಕೆಲವು ಕಿಲೋಮೀಟರ್ ದೂರದಲ್ಲಿ ಸಿಕ್ಕಿತು. ಸಿಕ್ಕ ಖುಷಿಗೆ ಅವರು ಕೊಟ್ಟದ್ದು 85 ಸಾವಿರ. ಸುದ್ದಿ ಓದಿದ ಬಹಳ ಜನ ನಕ್ಕರು. ಒಂದು ಗಿಣಿಗೆ ಇಷ್ಟಾ ಅಂದರು. ಈ ಹಕ್ಕಿ ಇರುವ ಮನೆಯಲ್ಲಿ ಒಂದು ವಾರ ಇದ್ದು ಬಂದವರು ನಗಲಾರರು. ದಿನಾ ಬೆಳಿಗ್ಗೆ ನಿಮ್ಮ ಹೆಸರು ಹಿಡಿದು ಕರೆಯುತ್ತಿದ್ದ ದನಿ ಒಂದು ಬೆಳಿಗ್ಗೆ ಇಲ್ಲ ಅಂದರೆ ಮನೆ ಹೇಗಿರುತ್ತದೆ, ಯೋಚಿಸಿ.

ಇದರ ಊರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಮಳೆಕಾಡು. ಘಾನಾ, ಕ್ಯಾಮರೂನ್, ಕಾಂಗೊ ದಾಟಿ ಪೂರ್ವಕ್ಕೆ ಉಗಾಂಡ, ಕೀನ್ಯಾದ ಅಂಚಿನವರೆಗೆ. ಸಾಕುವವರು ಕಾಂಗೊ, ಟಿಮ್ನೆ ಎಂದು ಎರಡು ಬಗೆ ಹೇಳುತ್ತಾರೆ. ಟಿಮ್ನೆ ಸ್ವಲ್ಪ ಚಿಕ್ಕದು, ಬಾಲ ಕಂದುಗೆಂಪು. ಈಗ ಅವು ಎರಡು ಬೇರೆ ಬೇರೆ ಜಾತಿಗಳೆಂದೇ ಲೆಕ್ಕ. ನಮ್ಮ ಪೇಟೆಯಲ್ಲಿ ಸಿಗುವುದು ಹೆಚ್ಚಾಗಿ ಕಾಂಗೊ. ತೂಕ ಅರ್ಧ ಕೆ.ಜಿ.ಗೂ ಕಡಿಮೆ. ಆಯಸ್ಸು ಮಾತ್ರ ಜಾಸ್ತಿ. ಚೆನ್ನಾಗಿ ನೋಡಿಕೊಂಡರೆ 40ರಿಂದ 60 ವರ್ಷ.

ಮಾತು ಹೊರಡುವ ಜಾಗವೇ ನಮ್ಮದಕ್ಕಿಂತ ಬೇರೆ. ನಮ್ಮ ಧ್ವನಿಪೆಟ್ಟಿಗೆ ಗಂಟಲಲ್ಲಿದೆ. ಹಕ್ಕಿಗಳದ್ದು ಇನ್ನೂ ಕೆಳಗೆ, ಉಸಿರಿನ ಕೊಳವೆ ಎರಡಾಗಿ ಕವಲೊಡೆಯುವ ಕಡೆ. ಅದಕ್ಕೆ ಸಿರಿಂಕ್ಸ್ ಎನ್ನುತ್ತಾರೆ. ಅಲ್ಲಿ ಹುಟ್ಟಿದ ಸದ್ದನ್ನು ಗಿಣಿ ತನ್ನ ದಪ್ಪ ನಾಲಿಗೆಯಿಂದ ತಿದ್ದುತ್ತದೆ. ಆದರೆ ಅದಕ್ಕೆ ತುಟಿ ಇಲ್ಲ. ತುಟಿ ಸೇರಿಸದೆ ‘ಅಪ್ಪ’ ಅಂತ ಒಮ್ಮೆ ಹೇಳಿ ನೋಡಿ. ಆಗುವುದಿಲ್ಲ ಅಲ್ವಾ? ಅಪ್ಪ, ಅಮ್ಮ, ಬಾ. ನಮ್ಮ ಮಕ್ಕಳು ಮೊದಲು ಕಲಿಯುವ ಮಾತುಗಳೆಲ್ಲ ತುಟಿಯವೇ. ಗಿಣಿಗೆ ಅವೇ ಕಷ್ಟ. ಆದರೂ ಒಳಗೆಲ್ಲೋ ಗಾಳಿ ತಡೆದು, ಬಿಟ್ಟು, ಹೇಗೋ ಹೊಂದಿಸಿಕೊಂಡು ನಮ್ಮ ಕಿವಿಗೆ ‘ಅಮ್ಮ’ ಎಂದೇ ಕೇಳುವಂತೆ ಮಾಡುತ್ತದೆ. ಶಾಣ್ಯಾನ ‘ಬಂದ್’ನಲ್ಲಿ ಬಕಾರ ಸ್ವಲ್ಪ ಮೂಗಿನಲ್ಲಿ ಬರುತ್ತದೆ. ಹೇಳಿದ ಮೇಲೇ ಗೊತ್ತಾಗುವಷ್ಟು.

ಇಷ್ಟೆಲ್ಲ ಕಷ್ಟಪಟ್ಟು ಯಾಕೆ ಕಲಿಯಬೇಕು? ಉತ್ತರ ಕಾಡಿನಲ್ಲಿದೆ. ಇವು ಗುಂಪಿನ ಹಕ್ಕಿಗಳು. ಹಗಲು ಚಿಕ್ಕ ಚಿಕ್ಕ ತಂಡಗಳಾಗಿ ತಾಳೆಹಣ್ಣು, ಕಾಯಿ, ಬೀಜ ಹುಡುಕಿಕೊಂಡು ಹೋಗುತ್ತವೆ. ಸಂಜೆ ನೂರಾರು, ಕೆಲವು ಕಡೆ ಸಾವಿರಾರು ಹಕ್ಕಿಗಳು ಒಂದೇ ಕಡೆ ಬಂದು ಮಲಗುತ್ತವೆ. ದಟ್ಟ ಎಲೆಗಳ ನಡುವೆ ಒಬ್ಬರಿಗೊಬ್ಬರು ಕಾಣುವುದಿಲ್ಲ. ಹಾಗಾಗಿ ಕೂಗುತ್ತಲೇ ಇರಬೇಕು. ‘ಎಲ್ಲಿದ್ದೀಯ?’ ‘ಇಲ್ಲಿದ್ದೀನಿ.’ ನಮ್ಮ ಜಾತ್ರೆಯಲ್ಲಿ ಅಮ್ಮಂದಿರು ಮಕ್ಕಳನ್ನು ಕೂಗುವ ಹಾಗೆ. ಜೊತೆಯವರ ಕೂಗನ್ನು ಕಲಿತು ಅದರಲ್ಲೇ ಉತ್ತರ ಕೊಡುವುದು ಗುಂಪಿಗೆ ಸೇರಿದ್ದೇನೆ ಎಂದು ಹೇಳುವ ದಾರಿ. ಆಗ ಜೈರೆ ಎನ್ನುತ್ತಿದ್ದ ಕಾಂಗೊದಲ್ಲಿ ಎರಡು ಕಾಡು ಗಿಣಿಗಳ ಕೂಗನ್ನು ರೆಕಾರ್ಡ್ ಮಾಡಿ 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವುಗಳ ಕೂಗಿನಲ್ಲಿ ಒಂಬತ್ತು ಬೇರೆ ಜಾತಿಯ ಹಕ್ಕಿಗಳ ಮತ್ತು ಒಂದು ಬಾವಲಿಯ ಅನುಕರಣೆ ಸಿಕ್ಕಿತ್ತು. ಅಂದರೆ ಮಿಮಿಕ್ರಿ ಮನುಷ್ಯ ಕಲಿಸಿದ ವಿದ್ಯೆಯಲ್ಲ.

ಈಗ ಅದೇ ಹಕ್ಕಿಯನ್ನು ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ತನ್ನಿ. ಗುಂಪಿಲ್ಲ. ಇರುವುದು ನಾಲ್ಕು ಮನುಷ್ಯರು, ಒಂದು ಟಿವಿ, ಒಂದು ಮಿಕ್ಸಿ. ಅದು ಏನು ಮಾಡಬೇಕು? ಸಿಕ್ಕವರನ್ನೇ ಗುಂಪು ಮಾಡಿಕೊಳ್ಳುತ್ತದೆ. ಅವರ ಕೂಗನ್ನೇ ಕಲಿಯುತ್ತದೆ. ಯಾವ ಸದ್ದಿಗೆ ಮನೆಯವರು ಎದ್ದು ಬರುತ್ತಾರೋ ಆ ಸದ್ದು ಅದಕ್ಕೆ ಬಂಗಾರ. ಫೋನ್ ರಿಂಗ್ ಆದರೆ ಜನ ಓಡಿ ಬರುತ್ತಾರೆ. ಕುಕ್ಕರ್ ಕೂಗಿದರೂ ಓಡಿ ಬರುತ್ತಾರೆ. ಕೆಟ್ಟ ಮಾತಾಡಿದರೆ ಎಲ್ಲರೂ ನಗುತ್ತಾರೆ. 2020ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್ ವನ್ಯಜೀವಿ ಪಾರ್ಕಿನಲ್ಲಿ ನಡೆದದ್ದು ಇದೇ. ಬೇರೆ ಬೇರೆ ಮನೆಗಳಿಂದ ಬಂದ ಐದು ಆಫ್ರಿಕನ್ ಗ್ರೇಗಳನ್ನು ಒಟ್ಟಿಗೆ ಇಟ್ಟಿದ್ದರು. ಒಂದು ಬೈದರೆ ಉಳಿದವು ನಗುತ್ತಿದ್ದವು. ನಗು ಕೇಳಿದ ಗಿಣಿ ಇನ್ನೂ ಜೋರಾಗಿ ಬೈಯುತ್ತಿತ್ತು. ಕೊನೆಗೆ ಐದನ್ನೂ ಬೇರೆ ಬೇರೆ ಮಾಡಿ, ನೋಡಲು ಬಂದವರ ಕಣ್ಣಿಂದ ದೂರ ಇಡಬೇಕಾಯಿತು. ಜಗತ್ತೆಲ್ಲ ನಕ್ಕಿತು. ಆ ಐದೂ ಸಾಕಿದವರು ತಂದು ಬಿಟ್ಟುಹೋದ ಗಿಣಿಗಳು ಅನ್ನುವುದು ಆ ನಗುವಿನಲ್ಲಿ ಮರೆತೇ ಹೋಯಿತು.

ಹಾಗಾದರೆ ಅದು ಹೇಳುವ ಮಾತಿನ ಅರ್ಥ ಅದಕ್ಕೆ ಗೊತ್ತಾ? ಕನ್ನಡದಲ್ಲಿ ‘ಗಿಳಿಪಾಠ’ ಎಂಬ ಮಾತೇ ಇದೆ. ಅರ್ಥ ತಿಳಿಯದೆ ಒಪ್ಪಿಸುವುದು. ಈ ಪದವನ್ನು ಹುಟ್ಟಿಸಿದವರು ಅಲೆಕ್ಸ್‌ನನ್ನು ನೋಡಿರಲಿಲ್ಲ.

1977ರಲ್ಲಿ ಅಮೆರಿಕದ ಐರೀನ್ ಪೆಪ್ಪರ್‌ಬರ್ಗ್ ಶಿಕಾಗೊದ ಕಡೆಯ ಸಾಕುಪ್ರಾಣಿ ಅಂಗಡಿಯೊಂದರಿಂದ ಸುಮಾರು ಒಂದು ವರ್ಷದ ಆಫ್ರಿಕನ್ ಗ್ರೇ ಒಂದನ್ನು ತಂದರು. ಅದೇ ಅಲೆಕ್ಸ್. ಅವರು ಓದಿದ್ದು ರಸಾಯನಶಾಸ್ತ್ರ. ಹಕ್ಕಿಯ ತಲೆಯೊಳಗೆ ಏನು ನಡೆಯುತ್ತದೆ ಎಂಬ ಕುತೂಹಲಕ್ಕೆ ದಾರಿಯನ್ನೇ ಬದಲಿಸಿಕೊಂಡರು. ಅವರ ಕಲಿಸುವ ರೀತಿ ಬೇರೆ ಥರ ಇತ್ತು. ಗಿಣಿಯ ಎದುರು ಇಬ್ಬರು ಮನುಷ್ಯರು ಕೂರುವುದು. ಒಬ್ಬರು ಬೀಗದ ಕೈ ಹಿಡಿದು ‘ಇದೇನು?’ ಎಂದು ಕೇಳುವುದು. ಇನ್ನೊಬ್ಬರು ಸರಿಯಾಗಿ ಹೇಳಿದರೆ ಬೀಗದ ಕೈ ಅವರಿಗೇ. ತಪ್ಪು ಹೇಳಿದರೆ ಇಲ್ಲ. ಗಿಣಿ ನೋಡುತ್ತಾ ಕೂರುತ್ತದೆ. ಇವರಿಗೆ ಸಿಗುತ್ತಿದೆ, ನನಗೆ ಸಿಗುತ್ತಿಲ್ಲ ಎಂಬ ಹೊಟ್ಟೆಕಿಚ್ಚು ಹುಟ್ಟುತ್ತದೆ. ಆಮೇಲೆ ಪಾತ್ರ ಅದಲು ಬದಲು. ‘ಗಿಣಿಗೆ ಹೇಳಿದ ಹಾಗೆ ಹೇಳಿದೆ’ ಅನ್ನುತ್ತೇವಲ್ಲ, ನೂರು ಸಲ ಹೇಳುವುದು, ಆ ಪದ್ಧತಿಗೆ ಇದು ಪೂರ್ತಿ ತಿರುಗುಮುರುಗು.

ಅಲೆಕ್ಸ್ ಸುಮಾರು ನೂರು ಪದ ಕಲಿತ. ಸಂಖ್ಯೆ ಅಷ್ಟೇನೂ ದೊಡ್ಡದಲ್ಲ, ಅದಕ್ಕಿಂತ ಜಾಸ್ತಿ ಒದರುವ ಗಿಣಿಗಳಿವೆ. ಆದರೆ ಇವನು ಪದವನ್ನು ಬಳಸುತ್ತಿದ್ದ. ತಟ್ಟೆಯಲ್ಲಿ ಬಗೆಬಗೆಯ ಬಣ್ಣದ, ಆಕಾರದ ವಸ್ತುಗಳನ್ನಿಟ್ಟು ‘ಹಸಿರು ಕಟ್ಟಿಗೆ ಎಷ್ಟು?’ ಎಂದರೆ ಎಣಿಸಿ ಹೇಳುತ್ತಿದ್ದ. ಆರರವರೆಗೆ ಎಣಿಕೆ ಬರುತ್ತಿತ್ತು. ಎರಡು ವಸ್ತು ತೋರಿಸಿ ಏನು ವ್ಯತ್ಯಾಸ ಎಂದರೆ ‘ಬಣ್ಣ’ ಅನ್ನುತ್ತಿದ್ದ. ಎರಡೂ ಒಂದೇ ಥರ ಇದ್ದರೆ ‘ಏನೂ ಇಲ್ಲ’. ಈ ‘ಏನೂ ಇಲ್ಲ’ವನ್ನು ಮುಂದೆ ತಾನಾಗಿಯೇ ಎಣಿಕೆಗೂ ಹೊಂದಿಸಿಕೊಂಡ. ಸೊನ್ನೆಯ ಹತ್ತಿರ ಬರುವ ಈ ತಿಳಿವಳಿಕೆಯ ಬಗ್ಗೆ 2005ರಲ್ಲಿ ಪ್ರಬಂಧವೇ ಬಂತು. ಸೇಬಿಗೆ ಕಲಿಸಿದ ಇಂಗ್ಲಿಷ್ ಪದ ಅವನಿಗೆ ಒಗ್ಗಲಿಲ್ಲ. ಅದರಲ್ಲಿ ಮತ್ತೆ ಆ ಪಕಾರ. ಬನಾನ, ಚೆರ್ರಿ ಎರಡೂ ಗೊತ್ತಿತ್ತು. ಎರಡನ್ನೂ ಬೆಸೆದು ‘ಬನೆರಿ’ ಎಂದು ತಾನೇ ಒಂದು ಹೆಸರಿಟ್ಟ. ಎಷ್ಟು ತಿದ್ದಿದರೂ ಬನೆರಿ ಬನೆರಿಯೇ ಆಗಿ ಉಳಿಯಿತು.

ನನಗೆ ತುಂಬ ಇಷ್ಟವಾದದ್ದು ಇನ್ನೊಂದು ಪ್ರಸಂಗ. ಅಕ್ಷರಗಳ ಉಚ್ಚಾರಣೆ ಕಲಿಸುತ್ತಿದ್ದ ದಿನಗಳವು. ಅಲೆಕ್ಸ್‌ನನ್ನು ನೋಡಲು ಅತಿಥಿಗಳು ಬಂದಿದ್ದರು. ಸರಿ ಉತ್ತರ ಹೇಳಿದಾಗಲೆಲ್ಲ ಅವನು ‘ನಟ್’ ಬೇಕು ಅನ್ನುತ್ತಿದ್ದ, ಅಂದರೆ ಬೀಜ. ಸಮಯ ಇಲ್ಲವೆಂದು ಇವರು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಕೊನೆಗೆ ಅವನಿಗೆ ತಲೆ ಕೆಟ್ಟಿತು. ಕಣ್ಣು ಕಿರಿದು ಮಾಡಿ, ದಡ್ಡ ಮಕ್ಕಳಿಗೆ ಬಿಡಿಸಿ ಹೇಳುವ ಹಾಗೆ, ‘ನ್... ಅ... ಟ್’ ಎಂದ.

ಇದನ್ನು ಭಾಷೆ ಎನ್ನಬಹುದಾ? ಪೆಪ್ಪರ್‌ಬರ್ಗ್ ಅವರೇ ಹಾಗೆ ಹೇಳಲು ಹಿಂಜರಿದರು. ಎರಡೂ ಕಡೆಯಿಂದ ಮಾತು ಹೋಗಿಬರುವ ಒಂದು ಸಂಕೇತ ಎಂದಷ್ಟೇ ಅಂದರು. ಅಲೆಕ್ಸ್‌ನ ನೆನಪಿನಲ್ಲಿ ನನಗೆ ಕಚ್ಚಿಕೊಳ್ಳುವುದು ಅವನ ಎಣಿಕೆಗಿಂತ ಅವನ ದಿನಚರಿ. ಪಾಠ ಸಾಕಾದರೆ ‘ವಾಪಸ್ ಹೋಗಬೇಕು’ ಅನ್ನುತ್ತಿದ್ದ. ದಿನವಿಡೀ ಯಾರಾದರೊಬ್ಬರು ಜೊತೆಗಿರುತ್ತಿದ್ದರು. 2007ರ ಸೆಪ್ಟೆಂಬರ್ 6ರಂದು, 31ನೇ ವಯಸ್ಸಿನಲ್ಲಿ ಸತ್ತ. ಹಿಂದಿನ ರಾತ್ರಿ ಗೂಡಿಗೆ ಬಿಡುವಾಗ ಎಂದಿನಂತೆ ‘ನಾಳೆ ಸಿಗೋಣ’ ಎಂಬ ಅರ್ಥದ ಮಾತಾಡಿದ್ದ. ಅಷ್ಟು ಜನ, ಅಷ್ಟು ಹೊತ್ತು, ಮೂವತ್ತು ವರ್ಷ. ಮಾತಾಡುವ ಗಿಣಿ ಬೇಕು ಅನ್ನುವವರು ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಿಡಿಯದಿದ್ದರೆ ಏನಾಗುತ್ತದೆ? ಶಾಣ್ಯಾನ ಎದೆ ನೋಡಿದರೆ ಗೊತ್ತಾಗುತ್ತದೆ. ಅಂಗೈ ಅಗಲದಷ್ಟು ಜಾಗದಲ್ಲಿ ಗರಿ ಇಲ್ಲ. ಕೋಳಿ ಅಂಗಡಿಯಲ್ಲಿ ನೇತುಹಾಕಿದ ಹಾಗೆ ಗುಲಾಬಿ ಚರ್ಮ. ಅದನ್ನು ಕಿತ್ತುಕೊಂಡದ್ದು ಅವನೇ. ಅಮ್ಮ ಧಾರವಾಡಕ್ಕೆ ಹೋದ ಮೇಲೆ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಬಿಟ್ಟರೆ ಬರುವುದು ರಾತ್ರಿ ಎಂಟಕ್ಕೆ. ಹನ್ನೆರಡು ಗಂಟೆ ಒಂಟಿ. ಮೂರನೇ ತಿಂಗಳು ಎದೆಯ ಗರಿ ಒಂದೊಂದಾಗಿ ಪಂಜರದ ತಳದಲ್ಲಿ ಸಿಗತೊಡಗಿತು. ಗೆಳೆಯ ಮೊದಲು ಅಲರ್ಜಿ ಎಂದುಕೊಂಡ. ಡಾಕ್ಟರರು ಔಷಧಿಗಿಂತ ಮೊದಲು ಕೇಳಿದ ಪ್ರಶ್ನೆ, ‘ಮನೆಯಲ್ಲಿ ಯಾರು ಬಿಟ್ಟುಹೋದ್ರು?’

ಇದು ಒಂದು ಮನೆಯ ಕತೆ ಅಂದುಕೊಳ್ಳಬೇಡಿ. ಗರಿ ಕಿತ್ತುಕೊಳ್ಳುವುದು ಸಾಕಿದ ಆಫ್ರಿಕನ್ ಗ್ರೇಗಳಲ್ಲಿ ಎಲ್ಲ ದೇಶದ ಪಶುವೈದ್ಯರೂ ದಿನಾ ನೋಡುವ ತೊಂದರೆ. ಕಾಯಿಲೆಯಿಂದಲೂ ಬರಬಹುದು. ಬೇಸರ, ಒಂಟಿತನ, ಭಯದಿಂದಲೂ ಬರಬಹುದು. ಆಸ್ಟ್ರಿಯಾದ ವಿಜ್ಞಾನಿಗಳು 2014ರಲ್ಲಿ ಇನ್ನೊಂದು ವಿಷಯ ಹೇಳಿದರು. ಜೀವಕೋಶಗಳ ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ಭಾಗ ಇರುತ್ತದೆ. ಶೂ ಲೇಸಿನ ತುದಿಯ ಪ್ಲಾಸ್ಟಿಕ್ ಇದ್ದ ಹಾಗೆ. ವಯಸ್ಸಾದಂತೆ, ಒತ್ತಡ ಹೆಚ್ಚಿದಂತೆ ಸವೆಯುತ್ತದೆ. ಒಂಟಿಯಾಗಿ ಸಾಕಿದ ಗ್ರೇ ಗಿಣಿಗಳಲ್ಲಿ ಅದು, ಜೊತೆಯಲ್ಲಿ ಬೆಳೆದ ಅದೇ ವಯಸ್ಸಿನವುಗಳಿಗಿಂತ ಹೆಚ್ಚು ಸವೆದಿತ್ತು. ಅಂದರೆ ಒಂಟಿತನ ರಕ್ತದಲ್ಲಿ ಅಳೆಯಲು ಸಿಗುತ್ತದೆ.

ಇಲ್ಲೊಂದು ಇಕ್ಕಟ್ಟಿದೆ. ಸಾಕುವವರು ಇದನ್ನು ಗುಟ್ಟಾಗಿ ಒಪ್ಪಿಕೊಳ್ಳುತ್ತಾರೆ. ಎರಡು ಗಿಣಿ ಒಟ್ಟಿಗೆ ಇಟ್ಟರೆ ಅವು ತಮ್ಮ ಭಾಷೆಯಲ್ಲಿ ಮಾತಾಡಿಕೊಳ್ಳುತ್ತವೆ, ಮನುಷ್ಯರ ಮಾತು ಕಡಿಮೆಯಾಗಬಹುದು. ‘ಮಾತು ಬರಬೇಕಾದ್ರೆ ಒಂದೇ ತಗೊಳ್ಳಿ’ ಎಂದು ಮಾರುವವರು ಸಲಹೆ ಕೊಡುವುದು ಇದಕ್ಕೇ. ಕಣ್ಣು ಬಿಡುವ ಹೊತ್ತಿಗೇ ತಂದೆತಾಯಿಯಿಂದ ಬೇರೆ ಮಾಡಿ, ಸಿರಿಂಜಿನಲ್ಲಿ ಗಂಜಿ ಕೊಟ್ಟು ಬೆಳೆಸಿದ ಮರಿಗೆ ‘ಹ್ಯಾಂಡ್ ಟೇಮ್’ ಎಂಬ ಹೆಸರಿದೆ, ಬೆಲೆಯೂ ಜಾಸ್ತಿ. ನಾವು ದುಡ್ಡು ಕೊಡುತ್ತಿರುವುದು ಅದರ ಮಾತಿಗೆ ಅಂದುಕೊಳ್ಳುತ್ತೇವೆ. ಮಾತು ಬರುವಂತೆ ಅದನ್ನು ಒಂಟಿ ಮಾಡಿದ ಕೆಲಸಕ್ಕೆ ಕೊಡುತ್ತಿದ್ದೇವೆ ಎಂದು ನನ್ನ ಅನಿಸಿಕೆ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತದೆ ಗಾದೆ. ಈ ಹಕ್ಕಿಗೆ ಮಾತು ಬಂದದ್ದೇ ಗ್ರಹಚಾರವಾಯಿತು.

ಮನೆಯೊಳಗಿನ ಈ ಕತೆಗೆ ಕಾಡಿನ ಕಡೆ ಇನ್ನೊಂದು ಮುಖ ಇದೆ. ಆಫ್ರಿಕಾದಲ್ಲಿ ಇವನ್ನು ಹಿಡಿಯುವ ರೀತಿ ಸರಳ. ಗುಂಪು ಇಳಿಯುವ ಮರದಲ್ಲಿ ಅಂಟು ಸವರಿದ ತಾಳೆಗರಿಗಳನ್ನು ಕಟ್ಟುತ್ತಾರೆ. ಪಕ್ಕದಲ್ಲಿ ಹಿಡಿದಿಟ್ಟ ಒಂದು ಗಿಣಿ. ಅದು ಕೂಗುತ್ತದೆ. ‘ಎಲ್ಲಿದ್ದೀಯ’ಗೆ ‘ಇಲ್ಲಿದ್ದೀನಿ’ ಎಂದು ಉಳಿದವು ಬರುತ್ತವೆ, ಕೂರುತ್ತವೆ, ಅಂಟಿಕೊಳ್ಳುತ್ತವೆ. ಹಿಡಿದವುಗಳಲ್ಲಿ ಮೂರನೇ ಒಂದು ಭಾಗದಿಂದ ಅರ್ಧಕ್ಕಿಂತ ಹೆಚ್ಚು, ದೇಶ ದಾಟುವ ಮೊದಲೇ ಸಾಯುತ್ತವೆ ಎಂಬುದು ಬೇರೆ ಬೇರೆ ಅಂದಾಜುಗಳ ಲೆಕ್ಕ. 1975ರಿಂದ ನಾಲ್ಕು ದಶಕಗಳಲ್ಲಿ ಕಾಗದಪತ್ರದ ಪ್ರಕಾರವೇ, ಕಾನೂನಿನ ದಾರಿಯಲ್ಲೇ, 13 ಲಕ್ಷಕ್ಕೂ ಹೆಚ್ಚು ಕಾಡು ಗಿಣಿಗಳು ಹೊರದೇಶಗಳಿಗೆ ಹೋಗಿವೆ. ಸತ್ತವು, ಕಳ್ಳದಾರಿಯಲ್ಲಿ ಹೋದವು ಇದರಲ್ಲಿಲ್ಲ. 2010ರ ಡಿಸೆಂಬರ್‌ನಲ್ಲಿ ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋದ ಒಂದೇ ವಿಮಾನದಲ್ಲಿ 700ಕ್ಕೂ ಹೆಚ್ಚು ಗಿಣಿಗಳು ಸತ್ತವು. ಒಂದು ಗಂಟೆಯ ಪ್ರಯಾಣ ಅದು.

ಘಾನಾದ ಕತೆ ಇನ್ನೂ ಖಾಲಿ. ಅಲ್ಲಿ 1990ರ ದಶಕದಲ್ಲಿ ಒಂದೊಂದರಲ್ಲೂ 700ರಿಂದ 1200 ಗಿಣಿಗಳು ಮಲಗುತ್ತಿದ್ದ ಮೂರು ತಾಣಗಳಿದ್ದವು. ಸಂಶೋಧಕರು ಮತ್ತೆ ಹೋಗಿ ಕಾದು ಕೂತರು. ಮೂರೂ ಕಡೆ ಸೇರಿ ಕಂಡದ್ದು 18. 1990ರ ದಶಕದ ಆರಂಭದಿಂದ ಆ ದೇಶದ ಗಿಣಿಗಳಲ್ಲಿ ನೂರಕ್ಕೆ 90ರಿಂದ 99ರಷ್ಟು ಹೋಗಿವೆ ಎಂದು 2016ರಲ್ಲಿ ಬರೆದರು. ವ್ಯಾಪಾರ ಒಂದೇ ಕಾರಣವಲ್ಲ. ಇವು ಗೂಡು ಕಟ್ಟುವುದಿಲ್ಲ, ಹಳೆಯ ದೊಡ್ಡ ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತವೆ. ಆ ಮರಗಳನ್ನು ಮೊದಲು ಕಡಿಯುತ್ತಾರೆ.

ಅದೇ ವರ್ಷ ಎರಡು ಘಟನೆ ನಡೆದವು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಎರಡೂ ಜಾತಿಗಳನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ವನ್ಯಜೀವಿ ವ್ಯಾಪಾರದ ಒಪ್ಪಂದ ಸೈಟಿಸ್‌ನ ಸಭೆ ಅಕ್ಟೋಬರ್‌ನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಸೇರಿ, 35ರ ವಿರುದ್ಧ 95 ಮತಗಳಿಂದ ಈ ಗಿಣಿಯನ್ನು ಮೊದಲ ಅನುಬಂಧಕ್ಕೆ ಏರಿಸಿತು. ಹುಲಿ, ಆನೆಗಳ ಸಾಲಿಗೆ. 2017ರ ಜನವರಿ 2ರಿಂದ ಕಾಡಿನ ಗಿಣಿಯ ಅಂತರರಾಷ್ಟ್ರೀಯ ವ್ಯಾಪಾರ ನಿಂತಿತು, ಕಾಗದದ ಮೇಲೆ. ನೋಂದಾಯಿತ ಫಾರಂಗಳಲ್ಲಿ ಹುಟ್ಟಿದ ಮರಿಗಳನ್ನು ಪರವಾನಗಿಯೊಂದಿಗೆ ಮಾರಬಹುದು. ಕಳ್ಳರಿಗೆ ಬೇಕಾಗಿದ್ದ ಸಂದು ಇದೇ. ಕಾಡಿನಿಂದ ತಂದದ್ದನ್ನು ಫಾರಂನದು ಎಂದರೆ ಆಯ್ತು. ಗಿಣಿಯನ್ನು ಕೇಳಿದರೆ ಅದು ಇದೊಂದನ್ನು ಮಾತ್ರ ಹೇಳುವುದಿಲ್ಲ.

ಗುರುತಿಗೆ ಇರುವುದು ಕಾಲಿನ ಉಂಗುರ. ಮರಿ ಚಿಕ್ಕದಿರುವಾಗ ಬೆರಳುಗಳ ಮೇಲಿಂದ ಜಾರಿಸಿ ಹಾಕುವ, ಕೂಡುಗೆರೆ ಇಲ್ಲದ ಮುಚ್ಚಿದ ಉಂಗುರ. ಕಾಲು ಬೆಳೆದ ಮೇಲೆ ಹಾಕಲಾಗುವುದಿಲ್ಲ. ಹಾಗಾಗಿ ಉಂಗುರ ಇದ್ದರೆ ಮನುಷ್ಯರ ಕೈಯಲ್ಲಿ ಬೆಳೆದದ್ದು ಎಂದು ನಂಬುವುದಕ್ಕೆ ಒಂದು ಆಧಾರ. ಉಂಗುರ ಒಂದೇ ಸಾಕ್ಷಿಯಲ್ಲ, ಅದರ ನಂಬರಿಗೆ ಹೊಂದುವ ಕಾಗದವೂ ಬೇಕು.

ಭಾರತದ ಕಾನೂನು ಇಲ್ಲಿ ಸ್ವಲ್ಪ ವಿಚಿತ್ರವಾಗಿದೆ. ನಮ್ಮ ಬೇವಿನ ಮರದಲ್ಲಿ ಕೂರುವ, ಕೊರಳಿಗೆ ಕೆಂಪು ಪಟ್ಟಿ ಇರುವ ಹಸಿರು ಗಿಣಿಯನ್ನು ಪಂಜರದಲ್ಲಿಟ್ಟರೆ ಅಪರಾಧ. ದಂಡವೂ ಇದೆ, ಜೈಲೂ ಇದೆ. ಗಿಳಿಶಾಸ್ತ್ರ ಹೇಳುವವರು ಬಸ್‌ಸ್ಟ್ಯಾಂಡುಗಳಿಂದ ಕಣ್ಮರೆಯಾದದ್ದಕ್ಕೆ ಇದೂ ಒಂದು ಕಾರಣ. ಆದರೆ ಕಾಂಗೊದಿಂದ ಬಂದ ಗಿಣಿಯನ್ನು ಹಾಲ್‌ನಲ್ಲಿ ಇಟ್ಟುಕೊಳ್ಳಬಹುದು. ವನ್ಯಜೀವಿ ಕಾಯ್ದೆ ಬಹಳ ವರ್ಷ ನಮ್ಮ ಪ್ರಾಣಿಗಳ ಬಗ್ಗೆ ಮಾತ್ರ ಯೋಚಿಸಿತು. ಹೊರದೇಶದ ಜೀವಿ ದೇಶದೊಳಗೆ ಒಮ್ಮೆ ಬಂದುಬಿಟ್ಟರೆ ಕೇಳುವವರಿರಲಿಲ್ಲ.

2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ, ಇಂಥ ಪ್ರಾಣಿಗಳಿದ್ದರೆ ತಾವಾಗಿಯೇ ತಿಳಿಸಿ, ಆರು ತಿಂಗಳೊಳಗೆ ಹೇಳಿದರೆ ಕಾಗದ ಕೇಳುವುದಿಲ್ಲ ಎಂದಿತು. 2022ರ ತಿದ್ದುಪಡಿ ಸೈಟಿಸ್ ಪಟ್ಟಿಯನ್ನೇ ಕಾಯ್ದೆಯ ನಾಲ್ಕನೇ ಷೆಡ್ಯೂಲಿಗೆ ತಂದಿತು. ಅದು 2023ರ ಏಪ್ರಿಲ್ 1ರಿಂದ ಜಾರಿಯಾಯಿತು. 2024ರ ಫೆಬ್ರವರಿ ಕೊನೆಯಲ್ಲಿ ನಿಯಮಗಳು ಬಂದವು. ಆಗಲೇ ಸಾಕಿದ್ದವರೆಲ್ಲ ಸಚಿವಾಲಯದ ‘ಪರಿವೇಶ್’ ಎಂಬ ಪೋರ್ಟಲ್‌ನಲ್ಲಿ ಆರು ತಿಂಗಳೊಳಗೆ ನೋಂದಾಯಿಸಬೇಕಿತ್ತು. ಮುಂದೆ ಕೊಂಡವರಿಗೆ 30 ದಿನ. ಕೈ ಬದಲಾದರೆ, ಮರಿ ಹುಟ್ಟಿದರೆ, ಸತ್ತರೆ ತಿಳಿಸಬೇಕು. ಮೊದಲ ಅನುಬಂಧದ ಹಕ್ಕಿಯ ಮರಿ ಮಾಡಿಸುವವರಿಗೆ ಬೇರೆಯೇ ಪರವಾನಗಿ.

ಒಳ್ಳೆಯ ಹೆಜ್ಜೆ, ತಡವಾದ ಹೆಜ್ಜೆ. ನೋಂದಣಿಯಿಂದ ಯಾರ ಮನೆಯಲ್ಲಿ ಏನಿದೆ ಎಂದು ಗೊತ್ತಾಗುತ್ತದೆ. ಆ ಮನೆಯಲ್ಲಿ ಅದು ಹೇಗಿದೆ ಎಂದು ಗೊತ್ತಾಗುವುದಿಲ್ಲ. ಪಂಜರದ ಅಳತೆ, ದಿನಕ್ಕೆ ಎಷ್ಟು ಹೊತ್ತು ಜೊತೆ, ಏನು ಊಟ, ಇವನ್ನು ಯಾರೂ ಬಂದು ನೋಡುವುದಿಲ್ಲ. ನನ್ನ ಮಟ್ಟಿಗೆ ಕಾಯ್ದೆಯ ದೊಡ್ಡ ಲಾಭ ಬೇರೆ. ಮಾರುವವರನ್ನು ‘ಕಾಗದ ಎಲ್ಲಿ?’ ಎಂದು ಕೇಳುವ ಧೈರ್ಯ ಕೊಳ್ಳುವವರಿಗೆ ಬಂತು. ನಾನು ಹುಡುಕುತ್ತಿದ್ದಾಗ ಒಬ್ಬರು ಫೋನಿನಲ್ಲಿ ಮುದ್ದಾದ ಮರಿಯ ಫೋಟೊ ಕಳಿಸಿ ಅಡ್ವಾನ್ಸ್ ಕೇಳಿದರು. ಪೇಟೆಯಲ್ಲಿ ಅರ್ಧ ಲಕ್ಷದ ಆಸುಪಾಸು ಇದ್ದ ಹಕ್ಕಿ ಇವರ ಹತ್ತಿರ ಹದಿನೈದು ಸಾವಿರ. ಉಂಗುರದ ನಂಬರ್ ಕೇಳಿದೆ. ‘ಸರ್, ನಿಮಗೆ ಗಿಣಿ ಬೇಕಾ, ನಂಬರ್ ಬೇಕಾ?’ ಎಂದರು. ಆಮೇಲೆ ಆ ಫೋನು ಹತ್ತಲೇ ಇಲ್ಲ.

ಈಗಾಗಲೇ ಮನೆಯಲ್ಲಿ ಇದ್ದವರಿಗೆ ಉಪದೇಶದಿಂದ ಉಪಯೋಗವಿಲ್ಲ. ಅವರಿಗೆ ಬೇಕಾದದ್ದು ಸಣ್ಣಪುಟ್ಟ ತಿಳಿವಳಿಕೆ. ನಮ್ಮವರು ಗಿಣಿ ಅಂದರೆ ಸೂರ್ಯಕಾಂತಿ ಬೀಜ, ಹಸಿಮೆಣಸಿನಕಾಯಿ ಅಂದುಕೊಂಡಿದ್ದಾರೆ. ಬರೀ ಬೀಜ ತಿಂದ ಗ್ರೇ ಗಿಣಿಗೆ ಕ್ಯಾಲ್ಸಿಯಂ, ಎ ವಿಟಮಿನ್ ಸಾಲುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಾದರೆ ಮೂರ್ಛೆ ಬಂದು ಕೊಂಬೆಯಿಂದ ಬೀಳುವುದು ಈ ಜಾತಿಯಲ್ಲಿ ಜಾಸ್ತಿ. ಸೊಪ್ಪು, ಕ್ಯಾರೆಟ್, ಸಿಹಿಗೆಣಸು, ಬೆಳಗಿನ ಬಿಸಿಲು ಬೇಕು. ಬೆಣ್ಣೆಹಣ್ಣು, ಚಾಕೊಲೇಟ್ ವಿಷ. ದೋಸೆಯ ನಾನ್‌ಸ್ಟಿಕ್ ತವಾ ಒಲೆಯ ಮೇಲೆ ಮರೆತು ಹೋಗಿ ಕಾದರೆ ಅದರಿಂದ ಬರುವ ಹೊಗೆ ಪಕ್ಕದ ಕೋಣೆಯ ಗಿಣಿಯನ್ನು ನಿಮಿಷಗಳಲ್ಲಿ ಕೊಲ್ಲಬಹುದು. ಶಾಣ್ಯಾನ ಪ್ರಶ್ನೆ ಅಷ್ಟೇನೂ ತಮಾಷೆಯದಲ್ಲ ಎಂದು ನನಗೆ ಅನ್ನಿಸಿದ್ದು ಇದನ್ನು ಓದಿದ ದಿನ. ಇನ್ನೊಂದು, ಇದರ ಮೈಯಿಂದ ಸದಾ ಬಿಳಿ ಪುಡಿ ಉದುರುತ್ತದೆ. ಕರಿ ಸೋಫಾದ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಮನೆಯಲ್ಲಿ ಆಸ್ತಮಾ ಇದ್ದರೆ ಆ ಕತೆ ಅಲ್ಲಿಗೇ ಮುಗಿಯಿತು.

ಗೆಳೆಯ ಕೊನೆಗೂ ಹಲವು ಬದಲಾವಣೆ ಮಾಡಿದ. ಹೆಂಡತಿ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ತೆಗೆದುಕೊಂಡರು. ತೆಂಗಿನ ಚಿಪ್ಪಿಗೆ ತೂತು ಕೊರೆದು ಒಳಗೆ ಕಡಲೆಕಾಯಿ ತುಂಬಿ, ಹಗ್ಗದಲ್ಲಿ ತೂಗುಹಾಕಿದರು. ಹಗ್ಗ ಎಳೆದು, ಚಿಪ್ಪು ತಿರುಗಿಸಿ, ಒಂದು ಕಾಯಿ ತೆಗೆಯಲು ಶಾಣ್ಯಾನಿಗೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಅವನು ಒಂದು ಮಾತೂ ಆಡುವುದಿಲ್ಲ. ಎದೆಯ ಒಂದು ಅಂಚಿನಲ್ಲಿ ಬೂದು ಹತ್ತಿಯಂಥ ಗರಿ ಮೊಳೆತಿದೆ, ಪೂರ್ತಿ ಬರುತ್ತದೋ ಇಲ್ಲವೋ.

ಉಳಿದದ್ದು ವಯಸ್ಸಿನ ಲೆಕ್ಕ. ಗೆಳೆಯನಿಗೆ 54, ಗಿಣಿಗೆ 9. ಮಗಳು ಪುಣೆಯಲ್ಲಿದ್ದಾಳೆ. ‘ನೀವು ಬೇಕಾದ್ರೆ ಬನ್ನಿ, ಅದು ಬೇಡ’ ಎಂದು ಕಡ್ಡಿ ಮುರಿದಂತೆ ಹೇಳಿದ್ದಾಳೆ. ತಂಗಿಯ ಮಗ ಮಾತ್ರ ನಾನು ನೋಡ್ಕೋತೀನಿ ಎಂದಿದ್ದಾನೆ. ಅವನಿಗಿನ್ನೂ ಹನ್ನೆರಡು. ಪ್ರತಿ ಭಾನುವಾರ ಸೈಕಲ್ಲಿನಲ್ಲಿ ಬರುತ್ತಾನೆ. ಹೋದ ವಾರ ನಾನು ಅಲ್ಲೇ ಕೂತಿದ್ದೆ. ಮಂಗಳವಾರ ಮಧ್ಯಾಹ್ನ, ಹುಡುಗ ಸ್ಕೂಲಲ್ಲಿದ್ದ. ಹಾಲ್‌ನಲ್ಲಿ ಎರಡು ಸಲ ಸೈಕಲ್ ಬೆಲ್ ಕೇಳಿಸಿತು. ಶಾಣ್ಯಾ ಕತ್ತು ಓರೆ ಮಾಡಿ ಬಾಗಿಲ ಕಡೆ ನೋಡುತ್ತಿದ್ದ.